ಎ320 ಟೈಪ್ ರೇಟಿಂಗ್‌ಗೆ ಮನೆಯಲ್ಲೇ ಹೇಗೆ ತಯಾರಾಗುವುದು?

ಬಳ್ಳಾರಿಯವರು, ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿದಿದೆ, ಇನ್ನೊಂದು ತಿಂಗಳಿಗೆ ಟೈಪ್ ರೇಟಿಂಗ್, ಅಂದರೆ ಏರ್‌ಬಸ್ ಎ320 ವಿಮಾನ ಹಾರಿಸುವ ಅರ್ಹತೆಯ ತರಬೇತಿ, ಈಗ ಏನು ಓದಲಿ ಅಂತ ಕೇಳಿದ್ದೀರಿ.

ಸುಮ್ನೆ ಓದಿದರೆ ಸಾಲದು, ಕೈಗೂ ರೂಢಿಯಾಗಬೇಕು. ಫ್ಲೆಕ್ಸ್ ಅಂಗಡಿಯಲ್ಲಿ ಕಾಕ್‌ಪಿಟ್ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ನಾನು ಬಳ್ಳಾರಿಯ ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು, ಅದರ ಮುಂದೆ ಕುರ್ಚಿ ಹಾಕಿ ಕೂರುತ್ತಿದ್ದೆ. ಒಂದೊಂದು ಸ್ವಿಚ್ಚನ್ನೂ ಕ್ರಮವಾಗಿ ಬೆರಳಿಟ್ಟು ಮುಟ್ಟುತ್ತಿದ್ದೆ. ಅಮ್ಮ ಪಕ್ಕದಲ್ಲಿ ಚೆಕ್‌ಲಿಸ್ಟ್ ಓದುತ್ತಿದ್ದರು.

ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು), ವಿಂಡ್‌ಶಿಯರ್ (ಗಾಳಿ ದಿಢೀರ್ ಬದಲಾಗುವುದು) ಆದಾಗ ಪುಸ್ತಕ ನೋಡದೆ ಮಾಡಬೇಕಾದ ಮೆಮೊರಿ ಐಟಂಗಳು ಒಂದು ಪದವೂ ತಪ್ಪದೆ ಬಾಯಿಗೆ ಬರಬೇಕು.

ಸಿಮ್ಯುಲೇಟರ್‌ನಲ್ಲಿ ಜಾಸ್ತಿ ಜನ ಎಡವುವುದು ಅವಸರಕ್ಕೆ. ವಿ1 (ಟೇಕ್‌ಆಫ್ ನಿಲ್ಲಿಸಲು ನಿರ್ಧರಿಸಬಹುದಾದ ಕೊನೆಯ ವೇಗ) ದಾಟಿದ ಮೇಲೆ ಎಂಜಿನ್ ಕೆಟ್ಟರೂ ಟೇಕ್‌ಆಫ್ ಮುಂದುವರಿಸಬೇಕು. ರಡ್ಡರ್ ಪೆಡಲ್ ಒತ್ತಿ ವಿಮಾನದ ಮೂತಿ ನೇರ ಇಡಿ, ನೆಲ ಬಿಟ್ಟ ಮೇಲೆ ಗೇರ್ (ಚಕ್ರಗಳು) ಎತ್ತಿ. 400 ಅಡಿ ಏರುವ ತನಕ ಬೇರೆ ಪರಿಹಾರಕ್ಕೆ ಕೈ ಹಾಕಬೇಡಿ. ಆ ಕೆಲವು ಸೆಕೆಂಡು ತಡೆದುಕೊಳ್ಳುವುದೇ ಕಷ್ಟ. ಮೊದಲ ಸಲ ನನ್ನ ಕೈಯೂ ನಿಲ್ಲಲಿಲ್ಲ.

ಇನ್ನೊಂದು ಮಾತು, ತರಬೇತಿಯ ಜೊತೆಗಾರನ ಜೊತೆ ದಿನಾ ಫೋನಿನಲ್ಲಾದರೂ ಕಾಲ್‌ಔಟ್ (ಪೈಲಟ್‌ಗಳು ಒಬ್ಬರಿಗೊಬ್ಬರು ಕೂಗಿ ಹೇಳುವ ನಿಗದಿತ ಮಾತು) ಅಭ್ಯಾಸ ಮಾಡಿ. ಇದು ಇಬ್ಬರ ಕೆಲಸ ಅಲ್ವಾ? ಅವನು ತಪ್ಪಿದಾಗ ಹೇಳಿ, ನೀವು ತಪ್ಪಿದಾಗ ಕೇಳಿಸಿಕೊಳ್ಳಿ.