ಮಾದರಿ ಮೊದಲು, ಪ್ರಬಂಧ ಆಮೇಲೆ

ಓದುಗರ ಪ್ರಶ್ನೆ, ತಜ್ಞರ ಉತ್ತರ. ಈ ಸಂಚಿಕೆಯ ವಿಷಯ: ನಿಸರ್ಗ ವಿಜ್ಞಾನ ಸಂಗ್ರಹಾಲಯಗಳು ಹೊರತರುವ ಪತ್ರಿಕೆಗಳಿಗೆ ಸಂಶೋಧನಾ ಪ್ರಬಂಧ ಸಿದ್ಧಪಡಿಸಿ ಕಳಿಸುವ ಬಗೆ.

ಪ್ರಶ್ನೆ: ಉತ್ತರ ಕನ್ನಡದ ಹಳ್ಳವೊಂದರಲ್ಲಿ ಕಂಡ ನಿಕ್ಟಿಬ್ಯಾಟ್ರಾಕಸ್ ಕುಲದ ಕಪ್ಪೆ ಈವರೆಗೆ ಯಾರೂ ಹೆಸರಿಸದ ಪ್ರಭೇದ ಅನ್ನಿಸುತ್ತಿದೆ. ಅದರ ಬಗ್ಗೆ ಮ್ಯೂಸಿಯಂ ಪತ್ರಿಕೆಯೊಂದಕ್ಕೆ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಯಾವ ಪತ್ರಿಕೆಗೆ ಕಳಿಸಲಿ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬರವಣಿಗೆಯನ್ನು ಸ್ವಲ್ಪ ಆಚೆಗಿಡಿ. ಮೊದಲು ಆಗಬೇಕಾದ್ದು ಮಾದರಿಯ, ಅಂದರೆ ಸಂಗ್ರಹಿಸಿ ಕೆಡದಂತೆ ಕಾದಿಡುವ ಜೀವಿಯ ಕೆಲಸ. ಇನ್ನು ಐವತ್ತು ವರ್ಷ ಬಿಟ್ಟು ಯಾರಾದರೂ ನಿಮ್ಮ ಪ್ರಬಂಧ ಓದಿ ಅನುಮಾನಪಟ್ಟರೆ ಅವರು ನೇರ ಹೋಗುವುದು ಮ್ಯೂಸಿಯಂನ ಬಾಟಲಿಯ ಹತ್ತಿರ. ಬಾಟಲಿ ಸರಿಯಿಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನವಿಲ್ಲ.

ಕಾಡಿಗೆ ಕಾಲಿಡುವ ಮುಂಚೆಯೇ ಅರಣ್ಯ ಇಲಾಖೆಯ ಲಿಖಿತ ಅನುಮತಿ ಕೈಯಲ್ಲಿರಲಿ. ಅದರ ಸಂಖ್ಯೆ ಮತ್ತು ದಿನಾಂಕವನ್ನು ಪ್ರಬಂಧದಲ್ಲಿ ನಮೂದಿಸಬೇಕಾಗುತ್ತದೆ, ಅನುಮತಿಪತ್ರದ ಪ್ರತಿ ಕೇಳುವ ಸಂಪಾದಕರೂ ಇದ್ದಾರೆ. ಮಾದರಿ ಕೈಸೇರಿದ ಮೇಲೆ ಡಿಎನ್‌ಎಗಾಗಿ ಯಕೃತ್ತಿನ ಅಥವಾ ತೊಡೆಯ ಸ್ನಾಯುವಿನ ಚೂರನ್ನು ಮೊದಲು ತೆಗೆದು ಶುದ್ಧ ಎಥೆನಾಲ್‌ಗೆ ಹಾಕಿ. ಫಾರ್ಮಲಿನ್ ಅದಾದ ಮೇಲೆ. ಈ ಕ್ರಮ ಹಿಂದುಮುಂದಾದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಗೆಡವುತ್ತದೆ. ಅಂಗಡಿಯಲ್ಲಿ ಸಿಗುವ ಸಾಂದ್ರ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ಶೇ 10ರ ದ್ರಾವಣ ಸಿಗುತ್ತದೆ. ಸಣ್ಣ ಕಪ್ಪೆಗೆ ಒಂದೆರಡು ದಿನ ಸಾಕು. ನಂತರ ನೀರಿನಲ್ಲಿ ಚೆನ್ನಾಗಿ ತೊಳೆದು ಶೇ 70ರ ಎಥೆನಾಲ್‌ನಲ್ಲಿಡಿ. ಚೀಟಿಯನ್ನು ಗಟ್ಟಿಯಾದ, ಆಮ್ಲರಹಿತ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಲೇಸರ್ ಪ್ರಿಂಟರಿನ ಅಕ್ಷರ ಎಥೆನಾಲ್‌ನಲ್ಲಿ ಎದ್ದುಹೋಗುವುದುಂಟು. ಹೊರಗೆ ಅಂಟಿಸಿದ ಚೀಟಿಯಂತೂ ಇಂದಲ್ಲ ನಾಳೆ ಉದುರುತ್ತದೆ.

ಮುಂದಿನ ಕೆಲಸ ಠೇವಣಿ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಜೀವಿಯನ್ನು ಕಂಡುಹಿಡಿದವರು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಅದನ್ನು ತಿಳಿಸಬೇಕು, ಮಾದರಿಯನ್ನೂ ಅಲ್ಲಿಡಬೇಕು. ಪ್ರಾಣಿಗಳ ವಿಷಯದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ನಂಬಿಕೆಯ ಜಾಗ. ಅದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ, ಪಶ್ಚಿಮ ಘಟ್ಟದ ಪ್ರಾದೇಶಿಕ ಕೇಂದ್ರ ಕೋಯಿಕ್ಕೋಡಿನಲ್ಲಿದೆ. ನಿಮ್ಮ ಊರಿನ ಕಾರಂಜಿ ಕೆರೆ ದಂಡೆಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಮಕ್ಕಳಿಗೂ ಸಾರ್ವಜನಿಕರಿಗೂ ಪ್ರಕೃತಿಯ ಪರಿಚಯ ಮಾಡಿಸುವ ಜಾಗ. ಹೋಲೋಟೈಪ್‌ನಂಥ ಮಾದರಿಗೆ, ಅಂದರೆ ಹೊಸ ಹೆಸರಿಗೆ ಆಧಾರವಾಗಿ ಗುರುತಿಸುವ ಒಂದು ಮೂಲ ಮಾದರಿಗೆ, ಸಂಶೋಧನಾ ಸಂಗ್ರಹವೇ ಬೇಕು. ಕಾಲೇಜಿನ ಕಪಾಟಂತೂ ಬೇಡವೇ ಬೇಡ. ಪ್ರಾಧ್ಯಾಪಕರು ನಿವೃತ್ತರಾದ ಮೇಲೆ ಅಲ್ಲಿನ ಬಾಟಲಿಗಳಿಗೆ ದಿಕ್ಕು ದೆಸೆ ಇರುವುದಿಲ್ಲ. ಪ್ರಬಂಧ ಕಳಿಸುವ ಹೊತ್ತಿಗೆ ಭಂಡಾರದ ನೋಂದಣಿ ಸಂಖ್ಯೆ ಬಂದಿರಲಿ. ‘ಮುಂದೆ ಠೇವಣಿ ಇಡಲಾಗುವುದು’ ಎಂಬ ಸಾಲು ಕಂಡರೆ ವಿಮರ್ಶಕರು ತಕ್ಷಣ ಕೆಂಪು ಗುರುತು ಹಾಕುತ್ತಾರೆ.

ಪತ್ರಿಕೆ ಆರಿಸುವಾಗ ಮೊದಲು ನೋಡಬೇಕಾದ್ದು ಅದರ ವ್ಯಾಪ್ತಿ. ‘ರೆಕಾರ್ಡ್ಸ್ ಆಫ್ ದ ಜೂಲಾಜಿಕಲ್ ಸರ್ವೇ ಆಫ್ ಇಂಡಿಯಾ’ 1907ರಲ್ಲಿ ಇಂಡಿಯನ್ ಮ್ಯೂಸಿಯಂನ ಪತ್ರಿಕೆಯಾಗಿ ಹುಟ್ಟಿದ್ದು, ಭಾರತದ ಪ್ರಾಣಿಗಳೇ ಅದರ ಕ್ಷೇತ್ರ. ‘ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿ’ಯನ್ನು ಯುರೋಪಿನ ಹಲವು ನಿಸರ್ಗ ಸಂಗ್ರಹಾಲಯಗಳು ಕೂಡಿ ನಡೆಸುತ್ತವೆ. ಅದು ಯಾವ ದೇಶದ ಜೀವಿಯ ಬಗ್ಗೆಯೂ ಪ್ರಬಂಧ ತೆಗೆದುಕೊಳ್ಳುತ್ತದೆ, ಲೇಖಕರಿಂದಾಗಲಿ ಓದುಗರಿಂದಾಗಲಿ ಹಣ ಕೇಳುವುದಿಲ್ಲ. ಸಿಂಗಪುರದ ಲೀ ಕಾಂಗ್ ಚಿಯಾನ್ ಸಂಗ್ರಹಾಲಯದ ‘ರಾಫಲ್ಸ್ ಬುಲೆಟಿನ್ ಆಫ್ ಜುವಾಲಜಿ’ಯ ಒಲವು ಆಗ್ನೇಯ ಏಷ್ಯಾದ ಕಡೆಗೆ. ಘಟ್ಟದ ಒಂದೇ ಕಪ್ಪೆಯ ಪ್ರಬಂಧವನ್ನು ಅಲ್ಲಿಗೆ ಕಳಿಸುವ ಮುಂಚೆ ಸಂಪಾದಕರಿಗೆ ಎರಡು ಸಾಲಿನ ಇಮೇಲ್ ಬರೆದು ಕೇಳಿ. ತಮ್ಮ ಸಿಬ್ಬಂದಿಯ ಅಥವಾ ತಮ್ಮ ಸಂಗ್ರಹದ ಮೇಲಿನ ಕೆಲಸಕ್ಕೇ ಆದ್ಯತೆ ಕೊಡುವ ಮ್ಯೂಸಿಯಂ ಪತ್ರಿಕೆಗಳೂ ಇವೆ. ಆರಿಸಿದ ಪತ್ರಿಕೆಯ ಇತ್ತೀಚಿನ ಎರಡು ಮೂರು ಪ್ರಬಂಧಗಳನ್ನು ಎದುರಿಗಿಟ್ಟುಕೊಂಡು, ಅವುಗಳ ಶೀರ್ಷಿಕೆಗಳ ಕ್ರಮದಲ್ಲೇ ಬರೆಯಿರಿ. ಒಂದೇ ಪ್ರಬಂಧವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ.

ಪ್ರಶ್ನೆ: ನಮ್ಮ ಜೇಡದ ಪ್ರಬಂಧ ‘ಸ್ಥಳದ ವಿವರ ತಾಳೆಯಾಗುತ್ತಿಲ್ಲ’ ಎಂಬ ಟಿಪ್ಪಣಿಯೊಂದಿಗೆ ವಾಪಸ್ಸಾಗಿದೆ. ಜಿಪಿಎಸ್‌ನಲ್ಲಿ ಬಂದದ್ದನ್ನೇ ಬರೆದಿದ್ದೆವು. ತಪ್ಪಾದದ್ದು ಎಲ್ಲಿ?
– ಪ್ರಾಣಿಶಾಸ್ತ್ರ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ನೀವು ಕಳಿಸಿದ ಪುಟದಲ್ಲೇ ಉತ್ತರವಿದೆ. ಕ್ಷೇತ್ರ ಟಿಪ್ಪಣಿಯಲ್ಲಿ ಅಕ್ಷಾಂಶ 14 ಡಿಗ್ರಿ 15 ಮಿನಿಟು 30 ಸೆಕೆಂಡು ಎಂದಿದೆ, ಪ್ರಬಂಧದಲ್ಲಿ 14.1530 ಆಗಿದೆ. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು. 15 ಭಾಗಿಸು 60 ಅಂದರೆ 0.25. 30 ಭಾಗಿಸು 3600 ಅಂದರೆ 0.0083. ಒಟ್ಟು 14.2583. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್ ಆಗುವುದರಿಂದ ನಿಮ್ಮ ಜೇಡ ಸುಮಾರು 12 ಕಿಲೋಮೀಟರ್ ದಕ್ಷಿಣಕ್ಕೆ ಸರಿದಿದೆ. ಘಟ್ಟದಲ್ಲಿ ಅಷ್ಟು ದೂರವೆಂದರೆ ಕಣಿವೆಯೇ ಬೇರೆ. ಮುಂದಿನ ವರ್ಷ ಅದನ್ನು ಹುಡುಕಿ ಹೋದವರು ಬರಿಗೈಲಿ ಬರುತ್ತಾರೆ, ಆ ಜೇಡ ಅಲ್ಲಿಂದ ಮರೆಯಾಗಿದೆ ಎಂದೂ ಬರೆದುಬಿಡಬಹುದು.

ದಶಮಾಂಶದ ನಂತರ ನಾಲ್ಕು ಅಂಕಿ ಸಾಕು, ಅದು ಸುಮಾರು 11 ಮೀಟರಿನ ನಿಖರತೆ. ಕೈಯಲ್ಲಿ ಹಿಡಿಯುವ ಜಿಪಿಎಸ್‌ಗೆ ಆರು ಅಂಕಿಯ ಶಕ್ತಿಯಿಲ್ಲ. ದಿನಾಂಕದಲ್ಲೂ ಇಂಥದೇ ತೊಡಕು: 10-06-2023 ಅನ್ನುವುದನ್ನು ನಾವು ಜೂನ್ 10 ಎಂದು ಓದಿದರೆ ಅಮೆರಿಕದವರು ಅಕ್ಟೋಬರ್ 6 ಎಂದು ಓದುತ್ತಾರೆ. ತಿಂಗಳನ್ನು ರೋಮನ್ ಅಂಕಿಯಲ್ಲೋ ಅಕ್ಷರದಲ್ಲೋ ಬರೆಯಿರಿ. ಪ್ರತಿ ಮಾದರಿಗೂ ದೇಶ, ರಾಜ್ಯ, ಜಿಲ್ಲೆ, ಸ್ಥಳ, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರು, ನೋಂದಣಿ ಸಂಖ್ಯೆ ಇದೇ ಕ್ರಮದಲ್ಲಿ ಬರಲಿ. ಕಡೆಗೆ ಪ್ರಬಂಧ, ಬಾಟಲಿಯ ಚೀಟಿ, ಕ್ಷೇತ್ರ ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಗುರುತು ಹಾಕುತ್ತಾ ಹೋಗಬೇಕು. ಬೇಸರದ ಕೆಲಸ ನಿಜ, ಆದರೆ ಅರ್ಧಕ್ಕರ್ಧ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ.

ಕಳ್ಳಸಾಗಣೆಯ ಭಯವಿರುವ ಜೀವಿಯಾದರೆ ನಿಖರ ಜಾಗವನ್ನು ಪ್ರಕಟಿಸದೆ ಭಂಡಾರದ ದಾಖಲೆಯಲ್ಲಿ ಮಾತ್ರ ಇಡಬಹುದು. ಹಾಗೆ ಮಾಡಿದ್ದನ್ನು ಪ್ರಬಂಧದಲ್ಲಿ ಹೇಳಿಬಿಡಿ.

ಪ್ರಶ್ನೆ: ‘ಡಯಾಗ್ನೋಸಿಸ್ ದುರ್ಬಲ, ಹೋಲಿಕೆ ಸಾಲದು’ ಎಂದು ಇಬ್ಬರು ವಿಮರ್ಶಕರೂ ಬರೆದಿದ್ದಾರೆ. ಮೂರು ಪುಟ ವಿವರಣೆ ಕೊಟ್ಟಿದ್ದೇವಲ್ಲ?
– ಸಂಶೋಧಕರು, ಧಾರವಾಡ

ಉತ್ತರ: ವಿವರಣೆ ಎಷ್ಟೇ ಉದ್ದವಿದ್ದರೂ ಡಯಾಗ್ನೋಸಿಸ್‌ನ ಕೆಲಸ ಅದರಿಂದ ಆಗುವುದಿಲ್ಲ. ಜೀವಿ ಹೇಗಿದೆ ಎಂದು ಮೂಗಿನಿಂದ ಕಾಲ್ಬೆರಳಿನವರೆಗೆ ಹೇಳುವುದು ವಿವರಣೆ. ಹತ್ತಿರದ ಪ್ರಭೇದಗಳಿಂದ ಅದನ್ನು ಬೇರ್ಪಡಿಸಿ ತೋರಿಸುವುದು ಡಯಾಗ್ನೋಸಿಸ್. ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆ ಕೇಳುವುದೂ ಬೇರ್ಪಡಿಸುವ ಲಕ್ಷಣಗಳನ್ನೇ. ‘ಕಂದು ಬಣ್ಣ, ಮಧ್ಯಮ ಗಾತ್ರ’ ಎಂದು ಬರೆದರೆ ಆ ಕುಲದ ಅರ್ಧ ಪ್ರಭೇದಗಳು ಅದರೊಳಗೆ ಬಂದುಬಿಡುತ್ತವೆ. ‘ಗಂಡಿನ ದೇಹದ ಉದ್ದ 32ರಿಂದ 35 ಮಿಲಿಮೀಟರ್, ಹತ್ತಿರದ ಪ್ರಭೇದದಲ್ಲಿ 41ರಿಂದ 46’ ಎಂಬಂತೆ ಎರಡೂ ಬದಿಯ ಅಳತೆ ಒಂದೇ ವಾಕ್ಯದಲ್ಲಿ ಬರಬೇಕು. ಅಂಥ ನಾಲ್ಕೈದು ಗಟ್ಟಿ ಲಕ್ಷಣ ಸಾಕು.

ಹೋಲಿಕೆಯ ಆಧಾರ ಯಾವುದು ಎಂಬುದು ಇನ್ನೂ ಮುಖ್ಯ. ಹಳೆಯ ಪ್ರಭೇದದ ಮೂಲ ಮಾದರಿಯನ್ನು ಕಣ್ಣಾರೆ ನೋಡಿದ್ದೀರೋ, ಫೋಟೋ ತರಿಸಿಕೊಂಡಿರೋ, ಪುಸ್ತಕದ ವಿವರಣೆಯನ್ನಷ್ಟೇ ನೆಚ್ಚಿಕೊಂಡಿರೋ, ಇದನ್ನು ಒಂದೊಂದು ಪ್ರಭೇದಕ್ಕೂ ಬಿಡಿಸಿ ಹೇಳಿ. ಘಟ್ಟದ ಅನೇಕ ಹಳೆಯ ಮಾದರಿಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಬೇಕಾದ ಅಳತೆ, ಕೋನಗಳನ್ನು ಸ್ಪಷ್ಟವಾಗಿ ಬರೆದು ಕ್ಯುರೇಟರ್‌ಗೆ ಫೋಟೋ ಕೇಳಬಹುದು. ಗಂಡು ಹೆಣ್ಣಿನ ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಕಪ್ಪೆಗಳಲ್ಲಿ ಹೆಣ್ಣು ಸಾಮಾನ್ಯವಾಗಿ ದೊಡ್ಡದಿರುವುದರಿಂದ ಆ ಸರಾಸರಿಗೆ ಅರ್ಥವೇ ಇರುವುದಿಲ್ಲ. 0.1 ಮಿಲಿಮೀಟರ್ ಅಳೆಯುವ ಕ್ಯಾಲಿಪರ್ ಹಿಡಿದು 12.347 ಎಂದು ಬರೆಯುವುದೂ ತಪ್ಪು.

ಪ್ರಶ್ನೆ: ಫೋನಿನಲ್ಲಿ ಹೊಳೆಯುವ ಚಿತ್ರಗಳನ್ನು ‘ರೆಸಲ್ಯೂಷನ್ ಕಡಿಮೆ’ ಎಂದು ತಿರಸ್ಕರಿಸಿದ್ದಾರೆ.
– ಎಂ.ಎಸ್ಸಿ. ವಿದ್ಯಾರ್ಥಿ, ಮಂಗಳೂರು

ಉತ್ತರ: ಮುದ್ರಣದ ಅಗಲಕ್ಕೆ ಲೆಕ್ಕ ಹಾಕಿ. 17 ಸೆಂಟಿಮೀಟರ್ ಅಗಲದ ಫೋಟೋಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಬೇಕಿದ್ದರೆ 17ನ್ನು 2.54ರಿಂದ ಭಾಗಿಸಿ 300ರಿಂದ ಗುಣಿಸಿ: ಸುಮಾರು 2008 ಪಿಕ್ಸೆಲ್. ಗೆರೆಚಿತ್ರಕ್ಕೆ 600 ಡಿಪಿಐ ಅಂದರೂ ಅದರ ಎರಡರಷ್ಟು. ವಾಟ್ಸ್‌ಆ್ಯಪ್‌ನಲ್ಲಿ ಹಾದು ಬಂದ ಚಿತ್ರ ಆಗಲೇ ಕುಗ್ಗಿರುತ್ತದೆ. ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದರೆ ಪಿಕ್ಸೆಲ್ ಹೆಚ್ಚುತ್ತದೆಯೇ ಹೊರತು ವಿವರ ಬರುವುದಿಲ್ಲ. ಕ್ಯಾಮೆರಾದ ಮೂಲ ಕಡತದಿಂದಲೇ ಟಿಫ್ ಮಾಡಿ. ‘ಹತ್ತು ಪಟ್ಟು ಹಿಗ್ಗಿಸಿದೆ’ ಎಂದು ಬರೆಯುವ ಬದಲು ಚಿತ್ರದೊಳಗೇ ಅಳತೆಪಟ್ಟಿ ಹಾಕಿ, ಏಕೆಂದರೆ ಪುಟಕ್ಕೆ ಹೊಂದಿಸುವಾಗ ಚಿತ್ರ ಹಿಗ್ಗಿದರೂ ಕುಗ್ಗಿದರೂ ಪಟ್ಟಿಯೂ ಅದರ ಜತೆಗೇ ಬದಲಾಗುತ್ತದೆ.

ಪ್ರಶ್ನೆ: ಹೊಸ ಪ್ರಭೇದಕ್ಕೆ ಕನ್ನಡದ ಹೆಸರಿಡಬಹುದೇ? ಗುರುಗಳ ಹೆಸರಿಡುವುದಾದರೆ ಹೇಗೆ?
– ಓದುಗರು, ಶಿರಸಿ

ಉತ್ತರ: ಧಾರಾಳವಾಗಿ ಇಡಬಹುದು. ನಿಮ್ಮ ಸೀಮೆಯಲ್ಲೇ ಉದಾಹರಣೆಯಿದೆ: ಮೊಟ್ಟೆಗಳಿಗೆ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಾಯಿತು. ಇಂಥ ನಾಮಪದ ಕುಲದ ಲಿಂಗಕ್ಕೆ ತಕ್ಕಂತೆ ಬದಲಾಗಬೇಕಿಲ್ಲ. ಆದರೂ ಅದು ನಾಮಪದ ಎಂದು ಒಂದು ಸಾಲು ಬರೆದಿಡಿ, ಮುಂದೆ ಪ್ರಭೇದ ಬೇರೆ ಕುಲಕ್ಕೆ ಹೋದಾಗ ಗೊಂದಲವಾಗುವುದಿಲ್ಲ. ವ್ಯಕ್ತಿಯ ಹೆಸರಾದರೆ ಗಂಡಸಿಗೆ ಕೊನೆಯಲ್ಲಿ ‘ಇ’, ಹೆಂಗಸಿಗೆ ‘ಏ’ ಪ್ರತ್ಯಯ. ಊರಿನ ಹೆಸರಿಗೆ ‘ಎನ್ಸಿಸ್’ ಸೇರುತ್ತದೆ, ಕುಲ ನಪುಂಸಕವಾದರೆ ಅದು ‘ಎನ್ಸೆ’ ಆಗುತ್ತದೆ.

ಇದರ ಜತೆಗೆ ಬಹಳ ಮಂದಿ ಎಡವುವ ಇನ್ನೊಂದು ವಿಷಯ, ಪ್ರಭೇದಕ್ಕೆ ಹೆಸರಿಟ್ಟವರ ಹೆಸರು ಮತ್ತು ವರ್ಷದ ಸುತ್ತ ಹಾಕುವ ಆವರಣ ಚಿಹ್ನೆ. ಮೊದಲು ಹೆಸರಿಟ್ಟ ಕುಲದಲ್ಲೇ ಪ್ರಭೇದ ಉಳಿದಿದ್ದರೆ ಆವರಣ ಬೇಡ: ನಿಕ್ಟಿಬ್ಯಾಟ್ರಾಕಸ್ ಮೇಜರ್ ಬೌಲೆಂಜರ್, 1882. ಕುಲ ಬದಲಾಗಿದ್ದರೆ ಬೇಕು: ನಮ್ಮ ಅಂಗಳದ ನೆಲಗಪ್ಪೆ ಡಟ್ಟಾಫ್ರೈನಸ್ ಮೆಲನೊಸ್ಟಿಕ್ಟಸ್ (ಷ್ನೈಡರ್, 1799), ಅದು ಮೊದಲು ಬ್ಯೂಫೊ ಕುಲದಲ್ಲಿತ್ತು.

ಪ್ರಶ್ನೆ: ಜೂಬ್ಯಾಂಕ್ ನೋಂದಣಿ ಕಡ್ಡಾಯವೇ? ಪ್ರಬಂಧ ಹೊರಬರುವ ಮೊದಲು ದಿನಪತ್ರಿಕೆಗೆ ಸುದ್ದಿ ಕೊಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಜೂಬ್ಯಾಂಕ್ ಅಂದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ನೋಂದಣಿ. ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಅದು ಕಡ್ಡಾಯ. ಪ್ರಾಣಿನಾಮಕರಣ ಸಂಹಿತೆಯ 2012ರ ತಿದ್ದುಪಡಿ ಹಾಗೆನ್ನುತ್ತದೆ. ಪ್ರಕಟಣೆಗೆ ಮೊದಲೇ ನೋಂದಣಿ ಆಗಿರಬೇಕು, ಆಗಿದೆ ಎಂಬ ಗುರುತು ಪ್ರಬಂಧದೊಳಗೇ ಇರಬೇಕು, ಪ್ರಕಟಣೆಯ ದಿನಾಂಕವೂ ಅಲ್ಲೇ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹೆಸರಿಗೆ ಮಾನ್ಯತೆ ಸಿಗುವುದಿಲ್ಲ. ನೋಂದಣಿಯನ್ನು ಪತ್ರಿಕೆಯೇ ಮಾಡಿಸುವುದೂ ಉಂಟು. ನಿಮ್ಮ ಪತ್ರಿಕೆಯಲ್ಲಿ ಯಾರು ಮಾಡಬೇಕೆಂದು ಕೇಳಿ ತಿಳಿದುಕೊಳ್ಳಿ, ಕರಡಚ್ಚು ಬಂದಾಗ ಆ ಸಂಖ್ಯೆ ಇದೆಯೇ ಎಂದು ನೀವೇ ನೋಡಿ. ಹೋಲೋಟೈಪ್ ಯಾವುದು, ಯಾವ ಭಂಡಾರದಲ್ಲಿದೆ ಎಂಬುದು ಮುಖ್ಯ ಪಠ್ಯದಲ್ಲೇ ಬರಲಿ, ಪೂರಕ ಕಡತಕ್ಕೆ ತಳ್ಳಬೇಡಿ.

ಸುದ್ದಿಯನ್ನು ಪ್ರಬಂಧ ಪ್ರಕಟವಾದ ದಿನ ಕೊಡಿ. ಅದಕ್ಕೂ ಮುಂಚೆ ದಿನಪತ್ರಿಕೆ, ಫೇಸ್‌ಬುಕ್, ವಿಚಾರ ಸಂಕಿರಣದ ಸಾರಾಂಶ ಎಲ್ಲಿಯೂ ಹೊಸ ಹೆಸರು ಕಾಣಿಸಿಕೊಳ್ಳಬಾರದು. ವಿವರಣೆಯಿಲ್ಲದ ಬರೀ ಹೆಸರು ಒಮ್ಮೆ ಅಚ್ಚಾಗಿಬಿಟ್ಟರೆ ಅದರ ಹಿಂದೆಮುಂದೆ ಬಿಡಿಸಿ ಹೇಳುವ ಕೆಲಸ ಮುಂದಿನವರ ತಲೆಗೆ ಬೀಳುತ್ತದೆ. ಪಿಎಚ್.ಡಿ. ಪ್ರಬಂಧದಲ್ಲಿ ಆ ಪ್ರಭೇದವನ್ನು ಕುಲದ ಹೆಸರಿನ ಜತೆ ‘ಪ್ರಭೇದ 1’ ಎಂದು ಕರೆದರೆ ಸಾಕು.