ಹಳೇ ಬ್ರನೋ .22ಗೆ ಒಂದು ಲಕ್ಷ ಖರ್ಚು ಮಾಡೋ ಮೊದಲು ಸ್ಕ್ರೂ ನೋಡಿ

ಮಾವನ ಬ್ರನೋ .22 ರೈಫಲ್ ನಿಮ್ಮ ಲೈಸೆನ್ಸಿಗೆ ಬಂದಿದೆ, ಕೈಯಲ್ಲಿ ಒಂದು ಲಕ್ಷ ಇದೆ, ಟ್ರಿಗರ್, ಸ್ಟಾಕ್ (ರೈಫಲ್‌ನ ಮರದ ಭಾಗ), ಸ್ಕೋಪ್ (ಗುರಿ ನೋಡುವ ದುರ್ಬೀನು), ಬ್ಯಾರಲ್ (ನಳಿಗೆ) ಇವುಗಳಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ. ನನ್ನ ಹಾಗೇ ಪುಣೆಯಲ್ಲೇ ಇದ್ದೀರಿ ಬೇರೆ. ಹೆಚ್ಚು ಕಡಿಮೆ ಇದೇ ಪಟ್ಟಿಯನ್ನು ನಾನೂ ಬರೆದಿಟ್ಟುಕೊಂಡಿದ್ದೆ. ನನ್ನದೂ ಬ್ರನೋ ಮಾಡೆಲ್ 2. ಧಾರವಾಡದಲ್ಲಿ ಅಪ್ಪನ ಹೆಸರಲ್ಲಿ ಇದ್ದದ್ದು, ಅವರಿಗೆ ವಯಸ್ಸಾದ ಮೇಲೆ ನನ್ನ ಹೆಸರಿಗೆ ಬಂತು.

ರೈಫಲ್ ಆಗ ಚೆನ್ನಾಗೇ ಇತ್ತು. 50 ಮೀಟರ್ ದೂರಕ್ಕೆ ಮಲಗಿ ಹೊಡೆದರೆ ಹತ್ತು ಗುಂಡು 20 ಮಿ.ಮೀ. ಆಸುಪಾಸಿನಲ್ಲಿ ಬೀಳುತ್ತಿದ್ದವು. ಆ ದೂರದ ಟಾರ್ಗೆಟ್‌ನಲ್ಲಿ ಟೆನ್ ರಿಂಗ್‌ನ, ಅಂದರೆ ಹತ್ತು ಅಂಕದ ವೃತ್ತದ, ಅಗಲ 10.4 ಮಿ.ಮೀ., ಗುಂಡಿನ ಅಗಲವೇ 5.6 ಮಿ.ಮೀ. ಗುಂಡುಗಳು ಬಿದ್ದ ಗುಂಪಿಗೆ ಗ್ರೂಪ್ ಅಂತಾರೆ, ಅಷ್ಟು ಹಳೇ ರೈಫಲ್‌ಗೆ ಅದು ಒಳ್ಳೆ ಗ್ರೂಪು. ಆದರೆ ಪಕ್ಕದ ಲೇನ್‌ನಲ್ಲಿ ಒಬ್ಬರು ಆನ್‌ಶುಟ್ಜ್ ಅನ್ನೋ ಜರ್ಮನ್ ಸ್ಪರ್ಧಾ ರೈಫಲ್ ಇಟ್ಟುಕೊಂಡು ಒಂದೇ ತೂತು ಮಾಡುತ್ತಿದ್ದರು. ದಿನಾ ಅದನ್ನು ನೋಡಿ ನೋಡಿ ನನ್ನ ರೈಫಲ್‌ನಲ್ಲಿ ಬರೀ ಕೊರತೆಗಳೇ ಕಾಣತೊಡಗಿದವು.

ಜುಲೈ ತಿಂಗಳು. ಕ್ಲಬ್ಬಿನ ಆಯ್ಕೆ ಪಂದ್ಯ ಹತ್ತಿರ ಇತ್ತು. ಒಂದೇ ವಾರದಲ್ಲಿ ಮೂರು ಕೆಲಸ ಮಾಡಿಸಿದೆ. ಸಣ್ಣ ತೂತಿನ ಮೂಲಕ ಗುರಿ ನೋಡುವ ಹೊಸ ಪೀಪ್ ಸೈಟ್ ಕೂರಿಸಿದೆ. ಟ್ರಿಗರ್ ಹಗುರ ಮಾಡಿಸಿದೆ. ಬ್ಯಾರಲ್ ಮರಕ್ಕೆ ತಾಗಬಾರದು ಅಂತ ಎಲ್ಲೋ ಓದಿದ್ದೆ, ಹಾಗಾಗಿ ಸ್ಟಾಕ್ ಬಿಚ್ಚಿ ಒಳಗೆ ಬ್ಯಾರಲ್ ಕೂರುವ ತೋಡನ್ನು ಉಪ್ಪು ಕಾಗದದಲ್ಲಿ ತಿಕ್ಕಿ ಅಗಲ ಮಾಡಿದೆ. ಎಲ್ಲಾ ಮತ್ತೆ ಜೋಡಿಸಿ, ದೊಡ್ಡ ಸ್ಕ್ರೂಡ್ರೈವರ್ ತೆಗೆದುಕೊಂಡು, ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಸ್ಟಾಕಿನ ಸ್ಕ್ರೂ ಬಿಗಿ ಮಾಡಿದೆ. ಬಿಗಿಯಾದಷ್ಟೂ ಒಳ್ಳೆಯದು ಅನ್ನೋದು ನನ್ನ ಲೆಕ್ಕ.

ರೇಂಜಿಗೆ ಹೋಗಿ ಹೊಡೆದರೆ ಗ್ರೂಪ್ 40 ಮಿ.ಮೀ.! ಗುಂಡುಗಳು ಮೇಲಿಂದ ಕೆಳಗೆ ಸಾಲಾಗಿ ಬಿದ್ದಿದ್ದವು. ಸೈಟ್ ಸಡಿಲ ಇರಬೇಕು ಅಂದುಕೊಂಡು ಅದನ್ನು ತೆಗೆದು ಮತ್ತೆ ಕೂರಿಸಿದೆ. ಆಗಲಿಲ್ಲ. ಟ್ರಿಗರ್ ಅಭ್ಯಾಸ ಆಗಿಲ್ಲ ಅಂದುಕೊಂಡೆ. ಕೊನೆಗೆ ಬ್ಯಾರಲ್ಲೇ ಸವೆದಿದೆ ಅಂತ ತೀರ್ಮಾನಿಸಿ, ಹೊಸ ಬ್ಯಾರಲ್ ಎಲ್ಲಿ ಸಿಗುತ್ತೆ ಅಂತ ಮುಂಬೈಗೆಲ್ಲ ಫೋನ್ ಮಾಡಿದೆ. ಒಂದು ಬೆಳಿಗ್ಗೆ ಗ್ರೂಪ್ ಸರಿ ಬರೋದು, ಮಳೆ ಸುರಿದ ಮರುದಿನ ಇನ್ನೆಲ್ಲೋ ಬೀಳೋದು. ಆಯ್ಕೆ ಪಂದ್ಯ ಕೈಬಿಟ್ಟುಹೋಯಿತು. ಆ ಸೀಸನ್ ಪೂರ್ತಿ ಹೋಯಿತು.

ನಮ್ಮ ರೇಂಜಿನಲ್ಲಿ ಬಂದೂಕು ನೋಡಿಕೊಳ್ಳುವ ಆರ್ಮರರ್ ಕಾಕಾ ಒಬ್ಬರಿದ್ದರು. ಸೊಲ್ಲಾಪುರದವರು, ಮಾಜಿ ಸೈನಿಕರು, ಮನೆಮಾತು ಕನ್ನಡ. ಒಂದು ದಿನ ನನ್ನ ಟಾರ್ಗೆಟ್ ನೋಡಿ ಕೇಳಿದರು:

"ಸ್ಕ್ರೂ ಎಷ್ಟ್ ಬಿಗಿ ಮಾಡಿಯೋ ತಮ್ಮಾ?"

"ಪೂರ್ತಿ ಬಿಗಿ ಮಾಡಿದೀನಿ ಕಾಕಾ."

ಅವರು ಬೋಲ್ಟ್ ತೆಗೆದು ಚೇಂಬರ್ ಖಾಲಿ ಇದೆ ಅಂತ ನೋಡಿದರು. ರೈಫಲ್ ನಿಲ್ಲಿಸಿ, ಸ್ಟಾಕಿನ ಮುಂದಿನ ತುದಿಯಲ್ಲಿ ಮರ ಮತ್ತು ಬ್ಯಾರಲ್ ಎರಡಕ್ಕೂ ತಾಗುವ ಹಾಗೆ ನನ್ನ ಬೆರಳು ಇಡಿಸಿದರು. "ಇಲ್ಲಿ ಬಟ್ಟ (ಬೆರಳು) ಇಟಗೊಂಡು ಸುಮ್ನ ನಿಂದ್ರು" ಅಂದರು. ಆಮೇಲೆ ಮುಂದಿನ ಸ್ಕ್ರೂ ನಿಧಾನಕ್ಕೆ ಸಡಿಲ ಮಾಡಿದರು. ಬೆರಳ ಕೆಳಗೆ ಬ್ಯಾರಲ್ ಮರದಿಂದ ಮೇಲಕ್ಕೆ ಎದ್ದಿತು. ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ದುಡ್ಡು, ಕಾಲ ಎರಡೂ ಹೋದದ್ದು ಇಲ್ಲೇ. ರೈಫಲ್‌ನ ಕಬ್ಬಿಣದ ಭಾಗವನ್ನು, ಅಂದರೆ ಆ್ಯಕ್ಷನ್ ಅನ್ನು, ಮರದ ಸ್ಟಾಕಿಗೆ ಹಿಡಿದಿಡೋದು ಆ ಸ್ಕ್ರೂಗಳು. ಒಳಗಡೆ ಮರ ಸಮತಟ್ಟಾಗಿ ಇಲ್ಲದಿದ್ದರೆ, ಸ್ಕ್ರೂ ಬಿಗಿ ಮಾಡಿದಾಗ ಉಕ್ಕೇ ಕೂದಲೆಳೆಯಷ್ಟು ಬಾಗುತ್ತೆ. ನಾನು ಒಳಗೆ ತಿಕ್ಕಿ ಆ ಸಮತಟ್ಟನ್ನು ಕೆಡಿಸಿದ್ದೆ. ಮೇಲೆ ಪುಣೆಯ ಮಳೆಗಾಲ. ತಿಕ್ಕಿ ಬರಿದಾದ ಮರಕ್ಕೆ ಎಣ್ಣೆಯನ್ನೂ ಹಚ್ಚಿರಲಿಲ್ಲ. ಅದು ತೇವ ಹೀರಿ ಉಬ್ಬಿತು, ಬಿಸಿಲು ಬಂದಾಗ ಇಳಿಯಿತು, ಸ್ಕ್ರೂ ತಲೆಯ ಕೆಳಗೆ ನಜ್ಜಾಯಿತು. ಪ್ರತಿ ಗುಂಡಿಗೂ ಆ್ಯಕ್ಷನ್ ಅದುರಿ ಬೇರೆ ಬೇರೆ ಜಾಗಕ್ಕೆ ಬಂದು ಕೂರುತ್ತಿತ್ತು. ಸೈಟಿಗೂ ಬ್ಯಾರಲ್ಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮೂರು ಬದಲಾವಣೆ ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಕೆಟ್ಟಿತು ಅಂತ ಹುಡುಕೋಕೆ ದಾರಿಯೇ ಇರಲಿಲ್ಲ. ಒಂದು ಮಾಡಿ, ಹೊಡೆದು ನೋಡಿ, ಆಮೇಲೆ ಇನ್ನೊಂದು ಮಾಡಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಬದಲಾವಣೆಗೆ ಮೊದಲಿನ ಟಾರ್ಗೆಟ್ ಕಾಗದಗಳನ್ನೂ ಎಸೆದುಬಿಟ್ಟಿದ್ದೆ. ಹೋಲಿಸಿ ನೋಡೋಕೆ ಏನೂ ಇರಲಿಲ್ಲ.

ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ, ಸ್ಕ್ರೂ ಹಾಯುವ ತೂತುಗಳಿಗೆ ಅಲ್ಯೂಮಿನಿಯಂ ಕೊಳವೆ, ಅಂದರೆ ಪಿಲ್ಲರ್ ಹಾಕಿಸಿ, ಆ್ಯಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿ ಅಂಟು ತುಂಬಿಸಿ ಸಮ ಮಾಡಿಸಿದೆ; ಇದಕ್ಕೆ ಬೆಡ್ಡಿಂಗ್ ಅಂತಾರೆ. ಪಿಲ್ಲರ್ ಇದ್ದರೆ ಸ್ಕ್ರೂವಿನ ಬಿಗಿ ಲೋಹದ ಮೇಲೆ ಬೀಳುತ್ತೆ, ಮರ ಉಬ್ಬಿದರೂ ಇಳಿದರೂ ಅಷ್ಟು ತೊಂದರೆ ಇಲ್ಲ. ಈಗ ಬಿಗಿಯನ್ನು ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಇಟ್ಟುಕೊಂಡು ಪ್ರತಿ ಸಲ ಒಂದೇ ಬಿಗಿಗೆ ತರುತ್ತೇನೆ. ಗ್ರೂಪ್ ವಾಪಸ್ 20ರ ಒಳಗೆ ಬಂತು. ಅದೇ ಬ್ಯಾರಲ್, ನಾನು ಎಸೆಯೋಕೆ ಹೊರಟಿದ್ದು.

ಈಗ ನಿಮ್ಮ ಪಟ್ಟಿಗೆ ಬರೋಣ.

ಟ್ರಿಗರನ್ನು ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡ್ತೀನಿ ಅಂದಿದ್ದೀರಲ್ಲ, ದಯವಿಟ್ಟು ಬೇಡ. ಒಳಗಿನ ಕೊಂಡಿ ಒಂದಿಷ್ಟು ಜಾಸ್ತಿ ಸವೆದರೆ, ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರಬಹುದು. ಪಕ್ಕದ ಲೇನ್‌ನಲ್ಲಿ ಹದಿನಾಲ್ಕು ವರ್ಷದ ಮಕ್ಕಳು ಮಲಗಿ ಅಭ್ಯಾಸ ಮಾಡ್ತಿರ್ತಾರೆ. ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ, ಮಾರ್ಪಾಡಿಗೆ ಬೇರೆಯೇ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಇರೋದು ಇಟ್ಟುಕೊಳ್ಳುವ ಲೈಸೆನ್ಸ್ ಮಾತ್ರ. ಬ್ಯಾರಲ್ ಮೊಟಕು ಮಾಡೋದಕ್ಕೆ 6ನೇ ಸೆಕ್ಷನ್ ಪ್ರತ್ಯೇಕವಾಗಿ ಇದೆ. ವಿದೇಶದವರು ವಿಡಿಯೋದಲ್ಲಿ ರೂಗರ್ 10/22 ರೈಫಲ್ ಇಟ್ಟುಕೊಂಡು ಅಡುಗೆಮನೆ ಟೇಬಲ್ ಮೇಲೆ ಎಲ್ಲಾ ಬಿಚ್ಚಿ ಬದಲಿಸ್ತಾರೆ. ಅವರ ಕಾನೂನು ಬೇರೆ, ನಮ್ಮದು ಬೇರೆ.

ಸ್ಕೋಪ್ ಯಾಕೆ ಬೇಕು ಅಂತ ಮೊದಲು ಯೋಚಿಸಿ. ಸ್ಪರ್ಧೆಗೆ ಇಳಿಯೋ ಆಸೆ ಇದ್ದರೆ, ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಜಾಗವೇ ಇಲ್ಲ. ಪೀಪ್ ಸೈಟೇ ಬೇಕು. ಸುಮ್ನೆ ಖುಷಿಗೆ ಅಂದರೆ ಹಾಕಿಸಿ, ಆದರೆ ಪ್ಯಾರಲ್ಯಾಕ್ಸ್, ಅಂದರೆ ಕಣ್ಣು ಅಲುಗಿದರೆ ಗುರಿ ಸರಿದಂತೆ ಕಾಣುವ ದೋಷ, 50 ಗಜಕ್ಕೆ ಹೊಂದಿಸಿ ತೆಗೆದದ್ದೇ ಆಗಿರಲಿ. ದೊಡ್ಡ ರೈಫಲ್‌ಗೆ ಅಂತ ಮಾಡಿದವು ಸಾಮಾನ್ಯವಾಗಿ 100 ಗಜಕ್ಕೆ ಇರುತ್ತವೆ. ಅವುಗಳಲ್ಲಿ 50ರ ದೂರಕ್ಕೆ ಆ ದೋಷ ಉಳಿಯುತ್ತೆ.

ಸ್ಟಾಕ್ ಬಗ್ಗೆ ಮಾತ್ರ ನಿಮ್ಮ ಪಟ್ಟಿ ಸರಿ ಇದೆ. ಆದರೆ ಹೊಸದು ಕೊಳ್ಳೋ ಅಗತ್ಯ ಇಲ್ಲ. ನಿಮ್ಮ ಮಾವನ ಕೈ ಉದ್ದ, ಕತ್ತಿನ ಎತ್ತರ ನಿಮ್ಮದಲ್ಲ. ಕೆನ್ನೆ ತಾಗುವ ಕಡೆ ಎತ್ತರ ಮಾಡಿಕೊಳ್ಳಿ, ಭುಜಕ್ಕೆ ಒರಗುವ ಬಟ್ ಪ್ಲೇಟ್ ಹಿಂದೆ ಮುಂದೆ ಹೊಂದಿಸಿಕೊಳ್ಳಿ. ನಮ್ಮ ಪುಣೆಯ ಬಾಲೇವಾಡಿ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡಿದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್‌ನಲ್ಲಿ ಕಂಚು ಗೆದ್ದರು. ಆ ಸ್ಪರ್ಧೆಯಲ್ಲಿ ಮೊಣಕಾಲೂರಿ, ಮಲಗಿ, ನಿಂತು ಹೀಗೆ ಮೂರು ಭಂಗಿ. ಭಂಗಿ ಬದಲಾದಾಗೆಲ್ಲ ಶೂಟರ್‌ಗಳು ಅದೇ ರೈಫಲ್‌ನ ಕೆನ್ನೆ ಪಟ್ಟಿ, ಬಟ್ ಪ್ಲೇಟ್, ಮುಂದಿನ ಕೈಗೆ ತಡೆಯಾಗುವ ಹ್ಯಾಂಡ್ ಸ್ಟಾಪ್ ಎಲ್ಲಾ ಸರಿ ಮಾಡಿಕೊಳ್ತಾರೆ. ಗಡಿಯಾರ ಓಡ್ತಿದ್ದರೂ ಅದಕ್ಕೆ ಸಮಯ ಕೊಡ್ತಾರೆ ಅಂದರೆ ಅದು ಎಷ್ಟು ಮುಖ್ಯ ಅಂತ ನೋಡಿ.

ಬ್ಯಾರಲ್ ಬೇಡವೇ ಬೇಡ. ಶುಚಿ ಮಾಡುವಾಗ ಬೋಲ್ಟ್ ತೆಗೆದು ಹಿಂದಿನಿಂದ ರಾಡ್ ಹಾಕಿ. ಮುಂದಿನಿಂದ ಹಾಕಿದರೆ ಬಾಯಿಯ ಅಂಚು ಸವೆಯುತ್ತೆ, ಗುಂಡು ಹೊರಬೀಳುವ ಜಾಗ ಅದು. .22ರ ಸೀಸದ ಗುಂಡಿಗೆ ಮೇಣದಂಥ ಜಿಡ್ಡು ಹಚ್ಚಿರ್ತಾರೆ. ಬ್ಯಾರಲ್ ಒಳಗೆ ಅದು ಒಂದು ಹದಕ್ಕೆ ಹರಡಿಕೊಂಡ ಮೇಲೇ ಗ್ರೂಪ್ ಕೂಡುತ್ತೆ. ಪ್ರತಿ ಸಲ ಉಜ್ಜಿ ಉಜ್ಜಿ ತೆಗೆಯಬೇಡಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಕಾರ್ಟ್ರಿಜ್. ದುಡ್ಡು ಹಾಕಬೇಕಾದ್ದು ಅಲ್ಲಿ. ಸ್ಟ್ಯಾಂಡರ್ಡ್ ವೆಲಾಸಿಟಿ .22 ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ಹೊರಡುತ್ತೆ. ಒಂದು ಗುಂಡಿನ ವೇಗ ಸೆಕೆಂಡಿಗೆ 10 ಮೀಟರ್ ಕಮ್ಮಿ ಆದರೆ 50 ಮೀಟರ್ ದೂರದಲ್ಲಿ ಅದು ಸುಮಾರು 8 ಮಿ.ಮೀ. ಕೆಳಗೆ ಬೀಳುತ್ತೆ. ಟೆನ್ ರಿಂಗ್ ಹತ್ತೂವರೆ ಮಿ.ಮೀ. ಕೂಡ ಇಲ್ಲ ಅಂದೆನಲ್ಲ, ಈಗ ಲೆಕ್ಕ ಹಾಕಿ. ಹೈ ವೆಲಾಸಿಟಿ ಡಬ್ಬಿ ನೋಡಿ ಆಸೆಪಡಬೇಡಿ. ಅದು ಶಬ್ದದ ವೇಗಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ನಿಧಾನವಾಗಿ ಆ ಗಡಿ ದಾಟುವಾಗ ಅಲುಗಾಡುತ್ತೆ. ಎಲಿ, ಲಾಪುವಾ, ಎಸ್‌ಕೆ ಕಂಪನಿಗಳ ಕಾರ್ಟ್ರಿಜ್‌ಗಳಲ್ಲಿ ಯಾವುದು ಸಿಗುತ್ತೋ ಅದರಲ್ಲಿ ಮೂರು ನಾಲ್ಕು ಬಗೆ ತಂದು ಹೊಡೆದು ನೋಡಿ. ನಿಮ್ಮ ಬ್ಯಾರಲ್ಲಿಗೆ ಒಂದು ಹಿಡಿಸುತ್ತೆ, ಬೆಲೆ ಜಾಸ್ತಿ ಇರೋದೇ ಹಿಡಿಸಬೇಕು ಅಂತಿಲ್ಲ. ಹಿಡಿಸಿದ್ದನ್ನು ಅದೇ ಲಾಟ್ ನಂಬರಿನಲ್ಲಿ (ಡಬ್ಬಿ ಮೇಲಿರುವ, ಒಂದೇ ಕಂತಿನಲ್ಲಿ ತಯಾರಾದದ್ದಕ್ಕೆ ಕೊಡುವ ಸಂಖ್ಯೆ), ಲೈಸೆನ್ಸ್ ಮಿತಿಯೊಳಗೆ ಎಷ್ಟು ಬರುತ್ತೋ ಅಷ್ಟು ಕೊಂಡಿಡಿ.

ಮಳೆ ಹಿಡಿಯೋ ಮೊದಲೇ, ಏನನ್ನೂ ಬದಲಿಸದೆ, ಐದು ಟಾರ್ಗೆಟ್ ಹೊಡೆದಿಡಿ. ಹಿಂದೆ ತಾರೀಕು, ಲಾಟ್ ನಂಬರ್, ಸ್ಕ್ರೂವಿನ ಬಿಗಿ ಬರೆಯಿರಿ. ಆಗಸ್ಟ್‌ನಲ್ಲಿ ಅದೇ ಲಾಟ್‌ನಿಂದ ಮತ್ತೆ ಐದು ಹೊಡೆಯಿರಿ. ಗ್ರೂಪ್ ಕೆಟ್ಟಿದ್ದರೆ ಬೆಡ್ಡಿಂಗ್ ಮಾಡಿಸಿ. ಕೆಟ್ಟಿಲ್ಲ ಅಂದರೆ ಆ ಸ್ಟಾಕಿನ ಒಳಗೆ ಕೈ ಹಾಕಲೇಬೇಡಿ.