‘ಸಾವಿನ ಕಾರ್ಡ್ ಬಂತು ಮೇಡಂ’

(ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮಾ ಅವರಿಗೆ 31 ವರ್ಷ. ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು, ಕೂತ ಕೂಡಲೇ ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಟ್ಯಾರೋ ಕಟ್ಟು, ಅಂದರೆ ಭವಿಷ್ಯ ಕೇಳುವ ಚಿತ್ರದ ಕಾರ್ಡುಗಳ ಕಟ್ಟು, ತೆಗೆದು ಮೇಜಿನ ಮೇಲಿಟ್ಟರು. “ನಾನೇ ಮೂರು ಸಲ ತೆಗೆದೆ ಮೇಡಂ. ಎರಡು ಸಲ ಇದೇ ಬಂತು.” ಅದು ‘ಡೆತ್’ ಕಾರ್ಡ್, ಹದಿಮೂರನೆಯದು.

ಅವರ ಅಪ್ಪನಿಗೆ ಬೈಪಾಸ್ ಆಗಬೇಕಿತ್ತು. ತಡ ಮಾಡಬೇಡಿ ಅಂತ ಡಾಕ್ಟರು ಹೇಳಿದ್ದರು. ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಆನ್‌ಲೈನ್‌ನಲ್ಲಿ ಕಾರ್ಡ್ ನೋಡಿ ಹೇಳುವವರೊಬ್ಬರು ಇದೇ ಕಾರ್ಡ್ ತೆಗೆದು “ಈ ತಿಂಗಳು ಬೇಡ” ಅಂದರಂತೆ. ಸುಮಾ ದಿನ ಮುಂದೂಡಿಸಿದರು. ತಮ್ಮನಿಗೆ ನಿಜವಾದ ಕಾರಣ ಹೇಳಲಿಲ್ಲ. ಅವತ್ತಿನಿಂದ ನಿದ್ದೆ ಸರಿಯಾಗಿಲ್ಲ. ಬೆಳಿಗ್ಗೆ ಎದ್ದರೆ ಮೊದಲು ಕಾರ್ಡ್, ಆಮೇಲೆ ಕಾಫಿ.

ಇದು ಮೂಢನಂಬಿಕೆ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಇನ್ನೊಮ್ಮೆ ಬರುತ್ತಿರಲಿಲ್ಲ. ದೇವರ ಮುಂದೆ ಹೂವಿನ ಪ್ರಸಾದ ಕೇಳುತ್ತೇವೆ, ಗಿಣಿಶಾಸ್ತ್ರದವರ ಮುಂದೆ ಕೂರುತ್ತೇವೆ. ಕಷ್ಟ ಬಂದಾಗ ಮುಂದೇನು ಅಂತ ಯಾರಾದರೂ ಹೇಳಲಿ ಅನ್ನಿಸುತ್ತೆ, ಅಲ್ವಾ?

“ಈ ಚಿತ್ರದಲ್ಲಿ ಏನೇನಿದೆ, ಹೇಳ್ತೀರಾ?” ಅಂತ ಕೇಳಿದೆ. ಅವರು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕಪ್ಪು ಕವಚ ತೊಟ್ಟ ಅಸ್ಥಿಪಂಜರ, ಬಿಳಿ ಕುದುರೆ. ಕೈಯಲ್ಲಿ ಬಿಳಿ ಗುಲಾಬಿಯ ಬಾವುಟ. ಕೆಳಗೆ ಬಿದ್ದ ರಾಜ. ಕುದುರೆಗೆ ಎದುರಾಗಿ ಕೈಮುಗಿದು ನಿಂತ ಧರ್ಮಗುರು. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. “ಇಲ್ಲೊಂದು ಮಗು ಇದೆ. ಅದು ಮುಖ ತಿರುಗಿಸಿಲ್ಲ” ಅಂದರು.

ಆಮೇಲೆ ಆ ಕಾರ್ಡುಗಳ ಹುಟ್ಟಿನ ಬಗ್ಗೆ ಹೇಳಿದೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ ಇವು ಇಸ್ಪೀಟಿನ ಹಾಗೆ ಆಡುವ ಎಲೆಗಳು. ಭವಿಷ್ಯಕ್ಕೂ ಅದಕ್ಕೂ ಆಗ ಸಂಬಂಧವಿರಲಿಲ್ಲ. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಇದು ಪ್ರಾಚೀನ ಈಜಿಪ್ಟಿನ ಗುಪ್ತವಿದ್ಯೆ ಅಂತ ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಆಗಿನ್ನೂ ಯಾರೂ ಓದಿರಲಿಲ್ಲ! ಕಣಿ ಕೇಳುವ ಕಾರ್ಡಾಗಿ ಇದು ಹರಡಿದ್ದು ಹೆಚ್ಚಾಗಿ ಅಲ್ಲಿಂದಲೇ. ಸುಮಾ ಕೈಯಲ್ಲಿದ್ದ ಚಿತ್ರಗಳನ್ನು 1909ರಲ್ಲಿ ಪಮೇಲಾ ಕೋಲ್‌ಮನ್ ಸ್ಮಿತ್ ಎಂಬ ಕಲಾವಿದೆ ಬರೆದದ್ದು.

ಒಟ್ಟು 78 ಎಲೆ. 22 ಮುಖ್ಯವಾದವು, ಉಳಿದ 56 ನಾಲ್ಕು ಗುಂಪಿನವು. ಬಟ್ಟಲು ಅಂದರೆ ಭಾವನೆ, ಕತ್ತಿ ಅಂದರೆ ಯೋಚನೆ ಮತ್ತು ಜಗಳ, ಕೋಲು ಅಂದರೆ ಹುಮ್ಮಸ್ಸು, ನಾಣ್ಯ ಅಂದರೆ ದುಡ್ಡು, ದುಡಿಮೆ. ‘ಡೆತ್’ ಅಂದರೆ ಯಾರೋ ಸಾಯುತ್ತಾರೆ ಅಂತಲ್ಲ, ಒಂದು ಮುಗಿದು ಇನ್ನೊಂದು ಶುರುವಾಗುವುದು ಅಂತ ಕಾರ್ಡ್ ಓದುವವರಲ್ಲೇ ಹೆಚ್ಚಿನವರು ಹೇಳುತ್ತಾರೆ.

“ಹಾಗಾದ್ರೆ ಆಪರೇಷನ್ ಮಾಡಿಸಬಹುದಾ?” ಅಂತ ಅವರ ಮುಖ ಅರಳಿತು. ಅಲ್ಲಿ ನಾನು ತಡೆದೆ. ಕೆಟ್ಟ ಅರ್ಥ ನಂಬಿ ಮುಂದೂಡಿದ್ದು ತಪ್ಪಾದರೆ, ಒಳ್ಳೆಯ ಅರ್ಥ ನಂಬಿ ಮಾಡಿಸುವುದೂ ಅದೇ ತಪ್ಪು. ಅಪ್ಪನ ಹೃದಯದ ರಕ್ತನಾಳ ಎಷ್ಟು ಕಟ್ಟಿದೆ ಅನ್ನುವುದು ಆ ಎಲೆಗೆ ಗೊತ್ತಿಲ್ಲ.

“ಕಾರ್ಡ್ ನೋಡಿದ ಕ್ಷಣ ಯಾರ ನೆನಪಾಯ್ತು?” ಅಂತ ಕೇಳಿದೆ. ತುಂಬಾ ಹೊತ್ತು ಮಾತಿಲ್ಲ. “ಅಮ್ಮ” ಅಂದರು. ನಾಲ್ಕು ವರ್ಷದ ಹಿಂದೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಲು ಸಹಿ ಹಾಕಿದ್ದು ಸುಮಾನೇ. ಅಮ್ಮ ವಾಪಸ್ ಬರಲಿಲ್ಲ. ಈ ಸಲವೂ ಸಹಿ ಅವರದ್ದೇ.

ಅಂದು ಕೊಟ್ಟ ಸಲಹೆ ದೊಡ್ಡದೇನಲ್ಲ. ನಾಳೆಯೇ ತಮ್ಮನ ಜೊತೆ ಡಾಕ್ಟರ ಹತ್ತಿರ ಹೋಗಿ, ನಿಜವಾದ ಕಾರಣ ಅವನಿಗೂ ಹೇಳಿ ಅಂದೆ. ಅಲ್ಲಿ ಕೇಳಬೇಕಾದ್ದನ್ನು ಇಬ್ಬರೂ ಕೂತು ಚೀಟಿಯಲ್ಲಿ ಬರೆದೆವು: ಮುಂದೂಡಿದರೆ ಏನಾಗುತ್ತೆ, ಅಪಾಯ ಎಷ್ಟು, ಬೇರೆ ದಾರಿ ಇದೆಯಾ. ಸಹಿಯನ್ನು ತಮ್ಮನೂ ಹಾಕಬಹುದು, ಎಲ್ಲ ಭಾರ ನೀವೇ ಹೊರಬೇಕಾಗಿಲ್ಲ ಅಂದೆ. ಔಷಧಿ, ದುಡ್ಡು, ಆಪರೇಷನ್, ಮದುವೆಯ ಪ್ರಶ್ನೆಗಳನ್ನು ಕಾರ್ಡಿಗೆ ಕೇಳುವುದು ಬೇಡ. ಕಾರ್ಡ್ ಇಷ್ಟವಿದ್ದರೆ ವಾರಕ್ಕೊಂದು ತೆಗೆದು, ಮನಸ್ಸಿಗೆ ಬಂದದ್ದನ್ನು ಡೈರಿಯಲ್ಲಿ ಬರೆಯಲಿ. ಇಷ್ಟವಾದದ್ದು ಬರುವ ತನಕ ಮತ್ತೆ ಮತ್ತೆ ತೆಗೆಯಬಾರದು, ಅದು ಆತಂಕವನ್ನೇ ಬೆಳೆಸುತ್ತೆ. ರಾತ್ರಿ ತಡೆಯಲಾಗದಿದ್ದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು ಅಂತಲೂ ಹೇಳಿದೆ.

ಆಪರೇಷನ್ ಆಯಿತು. ಅಪ್ಪ ಈಗ ಮನೆಯಲ್ಲಿ ನಿಧಾನವಾಗಿ ನಡೆದಾಡುತ್ತಿದ್ದಾರೆ. ಆಪರೇಷನ್ನಿನ ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ಸುಮಾ ಕಾರ್ಡಿನ ಕಟ್ಟು ಬಿಚ್ಚಿದ್ದರಂತೆ. ಅಪ್ಪ ಎದ್ದು ಕೂತು, “ಇದರಲ್ಲಿ ರಮ್ಮಿ ಆಡಬಹುದೇನೇ?” ಅಂದರಂತೆ. ಅದನ್ನು ಹೇಳುತ್ತಾ ಸುಮಾ ನಕ್ಕರು, ಅತ್ತರು ಕೂಡ. ಅಮ್ಮನ ಮಾತು ಇನ್ನೂ ಮುಗಿದಿಲ್ಲ. ಬುಧವಾರ ಮತ್ತೆ ಬರುತ್ತಾರೆ.